ರಿಜಿಸ್ಟರ್‌ನಲ್ಲಿ ಯಾರ ಹೆಸರು?

ಭಾಗ 1/8

ಫೋಟೋದಲ್ಲಿರೋದು ಹುಲಿಗಿ ಹತ್ತಿರದ ತುಂಗಭದ್ರಾ ಹೊಳೆ. ಈ ಸರಣಿಯ ಎಂಟೂ ಪೋಸ್ಟ್‌ನಲ್ಲಿ ಯಾರ ಮುಖದ ಫೋಟೋನೂ ಹಾಕಿಲ್ಲ. ಯಾಕೆ ಅಂತ ಓದ್ತಾ ಹೋದರೆ ಗೊತ್ತಾಗುತ್ತೆ.

ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೋದವರಿಗೆ ಇದು ಹೊಸದಲ್ಲ. ತಲೆ ಮೇಲೆ ಪಡಲಗಿ ಹೊತ್ತ ಜೋಗಪ್ಪ ಬರ್ತಾರೆ. ಸೀರೆ, ಕೈತುಂಬ ಹಸಿರು ಬಳೆ, ಹಣೆ ತುಂಬ ಭಂಡಾರ, ಜೊತೆಗೊಬ್ಬರ ಕೈಯಲ್ಲಿ ಚೌಡಿಕೆ. ನಮ್ಮಜ್ಜಿ ಜೋಳ ನೀಡಿ, ಕಾಲಿಗೆ ಬಿದ್ದು, ನನ್ನ ತಲೆಯನ್ನೂ ಬಗ್ಗಿಸ್ತಿದ್ದರು. ವಾಪಸ್ ಬರುವಾಗ ಅದೇ ಜೋಗಪ್ಪ ಬಸ್ ಹತ್ತಿದರೆ ಅವರ ಪಕ್ಕದ ಸೀಟು ಮಾತ್ರ ಖಾಲಿ ಇರ್ತಿತ್ತು. ಗುಡಿಯಲ್ಲಿ ಕೈ ಮುಗಿದವರೇ ಬಸ್ಸಲ್ಲಿ ನಿಂತುಕೊಂಡು ಬರ್ತಿದ್ದರು.

ಇನ್ನೊಂದು ನೆನಪು. ಪಿಯು ಮೊದಲ ವರ್ಷ ನಮ್ಮ ಕ್ಲಾಸಲ್ಲಿ ಒಬ್ಬರಿದ್ದರು. ಹಾಜರಿ ಕೂಗಿದಾಗ ಅವರು 'ಪ್ರೆಸೆಂಟ್ ಸರ್' ಅಂದ ದನಿಯನ್ನ ಹಿಂದಿನ ಬೆಂಚಿನವರು ಅಣಕಿಸ್ತಿದ್ದರು. ನಾನು ಅಣಕಿಸಲಿಲ್ಲ, ಆದರೆ ನಕ್ಕಿದ್ದೇನೆ. ಎರಡನೇ ವರ್ಷ ಆ ಹೆಸರಿನ ಮುಂದೆ ಸಾಲಾಗಿ ಆಬ್ಸೆಂಟ್ ಬಿತ್ತು. ಆಮೇಲೆ ಹೆಸರಿನ ಮೇಲೆ ಕೆಂಪು ಗೆರೆ. ಅವರು ತಮ್ಮನ್ನ ತಾವು ಏನಂತ ಕರೆದುಕೊಳ್ತಿದ್ದರೋ ನನಗೆ ಗೊತ್ತಿಲ್ಲ. ಕೇಳುವಷ್ಟು ಹತ್ತಿರ ನಮ್ಮಲ್ಲಿ ಯಾರೂ ಹೋಗಲಿಲ್ಲ.

ಹೋದ ತಿಂಗಳು ಬಿಸಿನೆಸ್ ಲಾ ಓದ್ತಾ ಕೂತಿದ್ದೆ. ಯಾರು ಒಪ್ಪಂದ ಮಾಡಬಹುದು, ಯಾರು ಆಸ್ತಿ ಕೊಡಬಹುದು ಅನ್ನೋ ಪಾಠ. ಅಲ್ಲಿಂದ ಹುಡುಕ್ತಾ ಹುಡುಕ್ತಾ 1871ರ ಒಂದು ಕಾಯ್ದೆ ಕಣ್ಣಿಗೆ ಬಿತ್ತು. ಅದರಲ್ಲೂ ಒಂದು ರಿಜಿಸ್ಟರ್ ಇತ್ತು. ಓದಿದ ಮೇಲೆ ಆ ಕೆಂಪು ಗೆರೆ ತಲೆಯಿಂದ ಹೋಗ್ತಿಲ್ಲ. ಅದಕ್ಕೇ ಈ ಸರಣಿ.

ಭಾಗ 2/8

ಈ ವಿಷಯ ಬಂದಾಗ ನಾವು ಮಾಡೋ ಮೊದಲ ಕೆಲಸ ಪುರಾಣ ತೆಗೆಯೋದು. 'ನಮ್ಮಲ್ಲಿ ಶಿಖಂಡಿ ಇದ್ದ, ಬೃಹನ್ನಳೆ ಇದ್ದಳು, ಅರ್ಧನಾರೀಶ್ವರ ಇದ್ದಾನೆ, ನಮ್ಮ ಸಂಸ್ಕೃತಿ ಯಾವಾಗಲೂ ಒಪ್ಪಿಕೊಂಡಿತ್ತು' ಅಂತ ಹೇಳಿ ಮುಗಿಸಿಬಿಡ್ತೀವಿ. ಆದರೆ ಕ್ರಿಕೆಟ್ ಆಡುವಾಗ ಕ್ಯಾಚ್ ಬಿಟ್ಟವನನ್ನ ಏನಂತ ಬೈತೀವಿ? ಶಿಖಂಡಿ ಅಂತಾನೇ. ಕಥೆಯಲ್ಲಿ ಜಾಗ ಇದ್ದ ಮಾತ್ರಕ್ಕೆ ಓಣಿಯಲ್ಲಿ ಜಾಗ ಇರುತ್ತೆ ಅಂತೇನಿಲ್ಲ.

ಹಾಗಾದರೆ ಮನೆಯಿಂದ ಹೊರಬಿದ್ದವರು ಇಷ್ಟು ಶತಮಾನ ಬದುಕಿದ್ದು ಹೇಗೆ? ಅವರೇ ಮನೆ ಕಟ್ಟಿಕೊಂಡರು. ಹಿಜ್ರಾ ಸಮುದಾಯದಲ್ಲಿ ಅದಕ್ಕೆ ಜಮಾತ್ ಅಂತಾರೆ. ಹೊಸದಾಗಿ ಬಂದವರು ಚೇಲಾ, ಕೈ ಹಿಡಿದವರು ಗುರು, ಗುರುವಿನ ಗುರು ನಾನಿ. ಚೇಲಾಗೆ ಊಟ, ಸೂರು, ಹೆಸರು, ಕೆಲಸ ಕಲಿಸೋದು ಗುರುವಿನ ಹೊಣೆ. ಗುರು ಮುದುಕರಾದಾಗ ನೋಡಿಕೊಳ್ಳೋದು, ಸತ್ತರೆ ಮಣ್ಣು ಮಾಡೋದು ಚೇಲಾ ಹೊಣೆ. ಗುರುವಿನ ಮನೆ, ಪಾತ್ರೆ, ಒಡವೆ ಚೇಲಾಗೆ ಬರ್ತಿತ್ತು. ನಮ್ಮ ಕಡೆ ಜೋಗಪ್ಪಗಳಲ್ಲಿ ಸವದತ್ತಿ ಎಲ್ಲಮ್ಮನ ಹೆಸರಲ್ಲೋ ಹುಲಿಗೆಮ್ಮನ ಹೆಸರಲ್ಲೋ ಮುತ್ತು ಕಟ್ಟಿಸಿಕೊಂಡವರ ನಂಟು ಇದೇ ಥರದ್ದು.

ಇದು ಸ್ವರ್ಗ ಅಂತ ಹೇಳ್ತಿಲ್ಲ. ಗುರುವಿನ ದರ್ಪ ಇತ್ತು, ತಪ್ಪಿದರೆ ದಂಡ ಇತ್ತು, ತೀರದ ಸಾಲ ಇತ್ತು. ಎ. ರೇವತಿ ತಮ್ಮ ಆತ್ಮಕಥೆಯಲ್ಲಿ ಅಕ್ಕರೆ ಮತ್ತು ಹೊಡೆತ ಎರಡನ್ನೂ ಮುಚ್ಚಿಡದೆ ಬರೆದಿದ್ದಾರೆ. ಕನ್ನಡಕ್ಕೆ ಅದನ್ನ ತಂದವರು ದು. ಸರಸ್ವತಿ, ಹೆಸರು 'ಬದುಕು ಬಯಲು'. ಲೈಬ್ರರಿಯಲ್ಲಿ ಸಿಕ್ಕರೆ ಓದಿ.

ಈಗ ಒಂದು ವಿಷಯ ನೆನಪಿಟ್ಟುಕೊಳ್ಳಿ: ದತ್ತು, ಆಸ್ತಿ, ಆರೈಕೆ. ಈ ಮೂರು ಗಂಟಿನ ಮೇಲೆ ಆ ಕುಟುಂಬ ನಿಂತಿತ್ತು. ಮುಂದಿನ ಪೋಸ್ಟ್‌ನಲ್ಲಿ ಒಂದು ಸರ್ಕಾರ ಈ ಮೂರನ್ನೂ ಹುಡುಕಿ ಹುಡುಕಿ ಬಿಚ್ಚುತ್ತೆ.

ಭಾಗ 3/8

1852. ಈಗಿನ ಉತ್ತರ ಪ್ರದೇಶದ ಮೈನ್‌ಪುರಿಯಲ್ಲಿ ಭೂರಾ ಅನ್ನೋ ಒಬ್ಬ ಹಿಜ್ರಾ ಕೊಲೆಯಾದರು. ಸತ್ತವರ ಬಗ್ಗೆ ಮರುಕ ಪಡಬೇಕಾದ ಜಾಗದಲ್ಲಿ ಬ್ರಿಟಿಷ್ ಅಧಿಕಾರಿಗಳು ಅವರ ಇಡೀ ಸಮುದಾಯವನ್ನೇ ಕಟಕಟೆಯಲ್ಲಿ ನಿಲ್ಲಿಸಿದರು. ಇವರು ಮಕ್ಕಳನ್ನ ಕದಿಯುವವರು, ಊರಿನ ನೀತಿ ಕೆಡಿಸುವವರು ಅಂತ ಕಡತಗಳಲ್ಲಿ ಬರೆಯೋಕೆ ಶುರು ಮಾಡಿದರು. ಸುಮಾರು ಇಪ್ಪತ್ತು ವರ್ಷದ ಆ ಬರವಣಿಗೆ ಕೊನೆಗೆ ಕಾನೂನಾಯ್ತು.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅಂದ ಕೂಡಲೇ ನಮಗೆ ಅಲೆಮಾರಿ ಸಮುದಾಯಗಳ ಮೇಲಾದ ಅನ್ಯಾಯ ನೆನಪಾಗುತ್ತೆ. ಅದು ಮೊದಲನೇ ಭಾಗ. ಅದೇ ಕಾಯ್ದೆಗೆ ಎರಡನೇ ಭಾಗ ಒಂದಿತ್ತು, ಅದು ಪೂರ್ತಿ ಇವರ ಮೇಲೆ. ಅದರ ಸಾರ ಇಷ್ಟು:

ಪೊಲೀಸರು ಅನುಮಾನ ಪಟ್ಟವರ ಹೆಸರು, ವಿಳಾಸ ರಿಜಿಸ್ಟರ್‌ಗೆ. ಆಸ್ತಿ ಎಷ್ಟಿದೆ ಅಂತ ಕೇಳಿದಾಗ ಲೆಕ್ಕ ಒಪ್ಪಿಸಬೇಕು. ರಿಜಿಸ್ಟರ್‌ನಲ್ಲಿ ಇರೋರು ಹೆಣ್ಣಿನ ಉಡುಪು, ಒಡವೆ ಹಾಕಿ ಬೀದಿಯಲ್ಲಿ ಕಂಡರೆ, ಜನರ ಮುಂದೆ ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಬಂಧನ. ಶಿಕ್ಷೆ 2 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮನೆಯಲ್ಲಿ 16 ವರ್ಷದೊಳಗಿನ ಹುಡುಗ ಇದ್ದರೂ ಅದೇ ಶಿಕ್ಷೆ.

ಇದರ ಮೇಲೆ ಇನ್ನೊಂದು ಕಲಂ. ರಿಜಿಸ್ಟರ್‌ನಲ್ಲಿ ಇರೋರು ಉಯಿಲು ಬರೆಯುವಂತಿಲ್ಲ, ದಾನಪತ್ರ ಮಾಡುವಂತಿಲ್ಲ, ದತ್ತು ತಗೊಳ್ಳುವಂತಿಲ್ಲ, ಯಾರಿಗೂ ಪೋಷಕರಾಗುವಂತಿಲ್ಲ.

ಕಾಮರ್ಸ್ ಓದೋ ನಮಗೆ ಇದರ ಅರ್ಥ ಬೇಗ ಆಗುತ್ತೆ. ಕಳ್ಳತನ ತಡೆಯೋಕೆ ಉಯಿಲು ಯಾಕೆ ನಿಲ್ಲಿಸಬೇಕು? ಕುಣಿತ ನಿಲ್ಲಿಸಿದ್ದು ಇವತ್ತಿನ ಅನ್ನ ಕಿತ್ತುಕೊಳ್ಳೋಕೆ. ಉಯಿಲು, ದತ್ತು ನಿಲ್ಲಿಸಿದ್ದು ನಾಳೆ ಇಲ್ಲದ ಹಾಗೆ ಮಾಡೋಕೆ. ಇತಿಹಾಸಕಾರ್ತಿ ಜೆಸ್ಸಿಕಾ ಹಿಂಚಿ 2019ರಲ್ಲಿ ಈ ಕಾಯ್ದೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನಿಧಾನಕ್ಕೆ ಈ ಸಮುದಾಯವೇ ಅಳಿದುಹೋಗಲಿ ಅನ್ನೋದು ಅಧಿಕಾರಿಗಳ ಉದ್ದೇಶವಾಗಿತ್ತು ಅಂತ ಕಡತಗಳನ್ನ ಇಟ್ಟುಕೊಂಡು ತೋರಿಸಿದ್ದಾರೆ.

ಅಳಿದರಾ? ಇಲ್ಲ. ಊರಿಂದ ಊರಿಗೆ ಹೋದರು, ಗಡಿ ದಾಟಿದರು, ಪೊಲೀಸರ ಕಣ್ಣು ತಪ್ಪಿಸಿ ಕುಣಿಯೋದು ಬಿಡಲಿಲ್ಲ. ಚೇಲಾಗಳು ಬರ್ತಾನೇ ಇದ್ದರು.

ಭಾಗ 4/8

'ಅದು ಉತ್ತರ ಭಾರತದ ಕಥೆ, ನಮಗೇನು?' ಅಂತ ನಾನೂ ಅಂದ್ಕೊಂಡೆ. ಆಮೇಲೆ ಹೈದರಾಬಾದ್ ಸಂಸ್ಥಾನದ ಕಾಯ್ದೆ ಸಿಕ್ತು.

ಫಸಲಿ 1329, ನಮ್ಮ ಲೆಕ್ಕದಲ್ಲಿ 1919. ನಿಜಾಮರ ಸರ್ಕಾರ 1871ರ ಕಾಯ್ದೆಯನ್ನೇ ಹೋಲುವ ಒಂದು ಕಾನೂನು ತಂತು. ಅದೇ ರಿಜಿಸ್ಟರ್, ಸೀರೆ ಉಟ್ಟರೆ ಅದೇ ಬಂಧನ, ಅದೇ 2 ವರ್ಷ. ಆಗ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ ಎಲ್ಲಾ ನಿಜಾಮರ ಸೀಮೆ. ಹುಲಿಗಿಯೂ ಆ ಕಡೆಯೇ. ಮೊದಲ ಫೋಟೋದ ಹೊಳೆ ಇದೆಯಲ್ಲ, ಆಗ ಅದೇ ಗಡಿ. ಈಚೆ ದಡದ ಹೊಸಪೇಟೆ ಮದ್ರಾಸ್ ಪ್ರಾಂತ್ಯ, ಆಚೆ ದಡ ನಿಜಾಮ್. ಅಜ್ಜಿ ಕಾಲಿಗೆ ಬೀಳ್ತಿದ್ದ ಸೀರೆ, ಬಳೆ ಆ ದಡದಲ್ಲಿ ಕಾಗದದ ಮೇಲೆ ಅಪರಾಧ ಆಗಬಹುದಿತ್ತು.

ಸ್ವಾತಂತ್ರ್ಯ ಬಂತು. 1952ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ರದ್ದಾಯ್ತು. ಆದರೆ ನಿಜಾಮರ ಕಾಯ್ದೆ ಹೆಸರು ಬದಲಾಯಿಸಿಕೊಂಡು ತೆಲಂಗಾಣದಲ್ಲಿ ಉಳಿದೇ ಇತ್ತು. ತೆಲಂಗಾಣ ಹೈಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿದ್ದು ಯಾವಾಗ ಗೊತ್ತಾ? 2023ರ ಜುಲೈನಲ್ಲಿ. ನಾವೆಲ್ಲ ಆಗಲೇ ಇನ್‌ಸ್ಟಾಗ್ರಾಮ್‌ನಲ್ಲಿ ಇದ್ವಿ.

ನಮ್ಮ ರಾಜ್ಯ ಏನು ಕಮ್ಮಿ? 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಹೊಸ ಕಲಂ ಸೇರಿಸಿದರು. ಅನುಮಾನ ಇರೋ ಇಂಥವರ ಹೆಸರು, ವಿಳಾಸದ ರಿಜಿಸ್ಟರ್ ಇಡಬಹುದು, ಅವರ ಚಟುವಟಿಕೆ ನಿಯಂತ್ರಿಸಬಹುದು ಅಂತ. 1871ರಿಂದ 2011ಕ್ಕೆ 140 ವರ್ಷ. ಪಕ್ಕಪಕ್ಕ ಇಟ್ಟು ಓದಿದರೆ ಮಾತಿನ ಧಾಟಿ ಕೂಡ ಅದೇ. ಸಮುದಾಯದ ಸಂಘಟನೆ ಇದನ್ನ ಹೈಕೋರ್ಟ್‌ನಲ್ಲಿ ಪ್ರಶ್ನೆ ಮಾಡಿತು. ಕೊನೆಗೆ ಸರ್ಕಾರ ತಿದ್ದುಪಡಿ ತಂದು, ಕಲಂನಲ್ಲಿದ್ದ ಆ ಸಮುದಾಯದ ಹೆಸರನ್ನ ತೆಗೆಯಬೇಕಾಯ್ತು.

ಮುಖದ ಫೋಟೋ ಯಾಕೆ ಹಾಕಿಲ್ಲ ಅಂತ ಈಗ ಗೊತ್ತಾಯ್ತಲ್ಲ. ಇವರ ಹೆಸರನ್ನ, ಚಹರೆಯನ್ನ ಬೇರೆಯವರು ಪಟ್ಟಿ ಮಾಡಿದ್ದು ಸಾಕು.

ಭಾಗ 5/8

ಈ ಭಾಗ ಮನಸ್ಸಿನ ಬಗ್ಗೆ.

ನಮಗೆ ಎಕ್ಸಾಮ್ ಟೆನ್ಷನ್, ಫೀಸ್ ಟೆನ್ಷನ್, ಮನೆ ಟೆನ್ಷನ್ ಎಲ್ಲಾ ಇರುತ್ತೆ. ಸಮಾಜ ಕೀಳಾಗಿ ನೋಡುವ ಗುಂಪಿಗೆ ಸೇರಿದವರಿಗೆ ಇದೆಲ್ಲದರ ಮೇಲೆ ಇನ್ನೊಂದು ಹೊರೆ ಬೀಳುತ್ತೆ. ಬಿಲ್ ಮೇಲೆ ಸೆಸ್ ಹಾಕಿದ ಹಾಗೆ. ಬೈಗುಳ ಬಿದ್ದಾಗ ಮಾತ್ರ ಅಲ್ಲ, ಇವತ್ತು ಬೀಳಬಹುದಾ ಅಂತ ಮನೆಯಿಂದ ಹೊರಡುವಾಗಲೇ ಕಾಯೋದು. ದನಿ ಬದಲಾಯಿಸಿಕೊಂಡು ಮಾತಾಡೋದು. ಕೊನೆಗೆ ಜನ ಹೇಳೋದು ನಿಜವೇನೋ, ತಪ್ಪು ನನ್ನದೇ ಏನೋ ಅಂತ ತನಗೇ ಅನ್ನಿಸೋದು. ಅಮೆರಿಕದ ಇಲಾನ್ ಮೇಯರ್ 2003ರಲ್ಲಿ ಇದನ್ನ ವಿವರವಾಗಿ ಬರೆದರು. ಅವರು ಬರೆದದ್ದು ಸಲಿಂಗಿ, ದ್ವಿಲಿಂಗಿಗಳ ಬಗ್ಗೆ, ಆಮೇಲೆ ಬೇರೆ ಸಂಶೋಧಕರು ಟ್ರಾನ್ಸ್‌ಜೆಂಡರ್ ಜನರಿಗೂ ಅದನ್ನ ವಿಸ್ತರಿಸಿದರು. ಇದರ ಹೆಸರು ಮೈನಾರಿಟಿ ಸ್ಟ್ರೆಸ್. ಇದರ ಒಟ್ಟು ಮಾತು ಇಷ್ಟೇ: ಕಾಯಿಲೆಯ ಬೇರು ಅವರ ಗುರುತಿನಲ್ಲಿಲ್ಲ, ಸುತ್ತಲಿನವರು ನಡೆದುಕೊಳ್ಳೋ ರೀತಿಯಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2019ರಲ್ಲಿ ಒಪ್ಪಿಗೆ ಪಡೆದಾಗ ಟ್ರಾನ್ಸ್‌ಜೆಂಡರ್ ಆಗಿರೋದನ್ನ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದುಹಾಕಿದರು. 'ಡಾಕ್ಟರ್‌ಗೆ ತೋರಿಸಿದರೆ ಸರಿಹೋಗುತ್ತೆ' ಅನ್ನೋ ಚಿಕ್ಕಪ್ಪಂದಿರಿಗೆ ಇದನ್ನ ತೋರಿಸಿ.

ಹಾಗಾದರೆ ಹೊರೆ ತಡೆಯೋದು ಯಾವುದು? ಬೆನ್ನ ಹಿಂದೆ ಜನ ಇರೋದು. ಮನೆಯವರು ಒಪ್ಪಿದರೆ, ಸ್ನೇಹಿತರು ನಿಂತರೆ, ತನ್ನಂಥವರು ಇನ್ನೊಬ್ಬರು ಸಿಕ್ಕರೆ ಅದೇ ಬೈಗುಳದ ಪೆಟ್ಟು ಕಮ್ಮಿ ಆಗುತ್ತೆ. ನಾವು 'ಅವರು ತುಂಬಾ ಸ್ಟ್ರಾಂಗ್ ಕಣೋ' ಅಂತ ಹೊಗಳಿ ಸುಮ್ಮನಾಗ್ತೀವಿ. ಆ ಗಟ್ಟಿತನ ಹುಟ್ಟಿನಿಂದ ಬಂದದ್ದಲ್ಲ, ಒಬ್ಬರು ಇನ್ನೊಬ್ಬರಿಗೆ ಕೊಟ್ಟದ್ದು. ಗುರುವಿಂದ ಚೇಲಾಗೆ, ಚೇಲಾಯಿಂದ ಅವರ ಚೇಲಾಗೆ. 1871ರ ಅಧಿಕಾರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ದತ್ತು ಮತ್ತು ಉಯಿಲಿಗೆ ಕೈ ಹಾಕಿದ್ದು.

ಇದಕ್ಕೆ ಇನ್ನೊಂದು ಮುಖ ಇದೆ. ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡು, ಗಂಡಾಗಿ ಬದುಕುವ ಟ್ರಾನ್ಸ್ ಪುರುಷರಿಗೆ ಜಮಾತ್ ಥರದ ಹಳೆಯ ಆಸರೆ ಇರಲಿಲ್ಲ. ಮನೆ ಬಾಗಿಲು ದಾಟೋದೇ ಕಷ್ಟ, ಬೇಗ ಮದುವೆ ಮಾಡಿಬಿಡ್ತಾರೆ. ನಾವು ಇವತ್ತಿಗೂ ಅವರ ಬಗ್ಗೆ ಅಷ್ಟಾಗಿ ಕೇಳೋದಿಲ್ಲ.

ಭಾಗ 6/8

ಮಂಜಮ್ಮ ಜೋಗತಿ ಅವರ ರೀಲ್ ನೀವು ನೋಡಿರ್ತೀರ. 2021ರ ನವೆಂಬರ್, ರಾಷ್ಟ್ರಪತಿ ಭವನ. ಪದ್ಮಶ್ರೀ ತಗೊಳ್ಳೋ ಮುಂಚೆ ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಹಾಲ್ ತುಂಬಾ ಚಪ್ಪಾಳೆ. ರೀಲ್ ಅಲ್ಲಿಗೆ ಮುಗಿಯುತ್ತೆ. ಅವರು ಅಲ್ಲಿಗೆ ಹೋದ ದಾರಿ ಹೇಳ್ತೀನಿ.

ಬಳ್ಳಾರಿ ಹತ್ತಿರದ ಕಲ್ಲುಕಂಬ ಅವರ ಊರು. ಹುಟ್ಟಿದಾಗ ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಹರೆಯದಲ್ಲಿ ತಾನು ಹೆಣ್ಣು ಅನ್ನೋದು ಗಟ್ಟಿಯಾಗ್ತಾ ಹೋಯ್ತು. ಮನೆಯವರು ಹುಲಿಗಿಗೆ ಕರ್ಕೊಂಡು ಹೋಗಿ ಮುತ್ತು ಕಟ್ಟಿಸಿದರು. ಆಮೇಲೆ ಆ ಮನೆಯಲ್ಲಿ ಅವರಿಗೆ ಜಾಗ ಉಳೀಲಿಲ್ಲ. ಬದುಕೇ ಬೇಡ ಅನ್ನುವ ಹಂತಕ್ಕೆ ಹೋಗಿದ್ದೆ ಅಂತ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮನೆ ಬಿಟ್ಟರು, ಭಿಕ್ಷೆ ಬೇಡಿದರು.

ದಾವಣಗೆರೆಯಲ್ಲಿ ಒಂದು ದಿನ ಜೋಗತಿ ಕುಣಿತ ನೋಡಿದರು. ತಲೆ ಮೇಲೆ ಕೊಡ ಹೊತ್ತು, ಕೈ ಬಿಟ್ಟು ಕುಣಿಯೋದು. ಅದನ್ನ ಕಲೀಬೇಕು ಅನ್ನಿಸ್ತು. ಕಲಿಸೋರು ಸಿಕ್ಕರು. ಅಲ್ಲಿಂದ ಕಾಳವ್ವ ಜೋಗತಿಯವರ ಮೇಳ ಸೇರಿದರು. ಎಲ್ಲಮ್ಮನ ಕಥೆ, ಹಾಡು, ಕುಣಿತ ಎಲ್ಲಾ ಅಲ್ಲಿ ಕಲಿತು, ಕಾಳವ್ವನ ನಂತರ ಮೇಳವನ್ನ ತಾವೇ ಮುನ್ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಟ್ರಾನ್ಸ್‌ಜೆಂಡರ್ ವ್ಯಕ್ತಿ ಅವರು.

ಈ ಕಥೆಯನ್ನ 'ಕಷ್ಟಪಟ್ಟರೆ ಫಲ ಉಂಟು' ಅಂತ ಓದಬೇಡಿ. ಅವರಷ್ಟೇ ಕಷ್ಟಪಟ್ಟವರು ಎಷ್ಟು ಜನ ಎಲ್ಲಿ ಹೋದರೋ. ಅವರ ಕಥೆಯಲ್ಲಿ ತಿರುವು ಬಂದದ್ದು ಒಬ್ಬರು ಕಲಿಸೋಕೆ ಒಪ್ಪಿಕೊಂಡಾಗ, ಒಂದು ಮೇಳ ಒಳಗೆ ಕರೆದಾಗ. ಪಿಯು ಕ್ಲಾಸಲ್ಲಿ ನಮ್ಮ ನಡುವೆ ಇದ್ದವರಿಗೆ ಅಂಥ ಒಬ್ಬರೂ ಸಿಗಲಿಲ್ಲ. ಸಿಗಬಹುದಿತ್ತು. ಅರವತ್ತು ಜನ ಇದ್ವಿ.

ಭಾಗ 7/8

ಇದೆಲ್ಲ ಓದಿ 'ಈಗ ಕಾಲ ಬದಲಾಗಿದೆ' ಅಂತ ನಿಮಗೆ ಅನ್ನಿಸಬಹುದು. ಬದಲಾಗಿದೆ. ತಾನಾಗೇ ಬದಲಾಗಲಿಲ್ಲ. ಲೆಕ್ಕ ಹೀಗಿದೆ:

1999: ಬೆಂಗಳೂರಲ್ಲಿ ಸಂಗಮ ಸಂಸ್ಥೆ ಶುರು. ಪೊಲೀಸ್ ಠಾಣೆಯಲ್ಲಿ ಸಿಕ್ಕಿಬಿದ್ದವರಿಗೆ ಕೂಗಿದರೆ ಬರೋರು ಇದ್ದಾರೆ ಅನ್ನೋ ಧೈರ್ಯ.

2003: ಪಿಯುಸಿಎಲ್ ಕರ್ನಾಟಕ ಘಟಕದಿಂದ ಬೆಂಗಳೂರಿನ ಹಿಜ್ರಾ, ಕೋತಿ ಲೈಂಗಿಕ ಕಾರ್ಯಕರ್ತರ ಮೇಲಿನ ದೌರ್ಜನ್ಯದ ವರದಿ. ನಡೆದದ್ದನ್ನ ಅನುಭವಿಸಿದವರ ಬಾಯಿಂದಲೇ ದಾಖಲಿಸಿದರು. ಈ ಸಲ ಬರೆಯುವ ಪುಸ್ತಕ ಪೊಲೀಸರ ಕೈಯಲ್ಲಿ ಇರಲಿಲ್ಲ.

2011: ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು 'ಇತರೆ' ಅಂತ ಬರೆಸಿದವರು ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266. ಹೆದರಿ ಬರೆಸದವರು ಈ ಲೆಕ್ಕದಲ್ಲಿಲ್ಲ.

2014 ಏಪ್ರಿಲ್ 15: ಸುಪ್ರೀಂ ಕೋರ್ಟ್‌ನ ನಾಲ್ಸಾ ತೀರ್ಪು. ನಾನು ಗಂಡು, ನಾನು ಹೆಣ್ಣು, ನಾನು ತೃತೀಯ ಲಿಂಗಿ ಅಂತ ಹೇಳುವ ಹಕ್ಕು ಆ ವ್ಯಕ್ತಿಯದ್ದೇ, ಆಪರೇಷನ್ ಆಗಿರಲೇಬೇಕು ಅಂತಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಇವರನ್ನ ಬೀದಿಯಿಂದ ಹಿಡಿದು ಭಿಕ್ಷುಕರ ಪುನರ್ವಸತಿ ಕೇಂದ್ರಕ್ಕೆ ತುಂಬಿದರು. ತೀರ್ಪು ದೆಹಲಿಯಿಂದ ಸಿಗ್ನಲ್‌ಗೆ ಬರೋಕೆ ಟೈಮ್ ತಗೊಳ್ಳುತ್ತೆ.

2018 ಸೆಪ್ಟೆಂಬರ್ 6: 377ನೇ ಕಲಂನ ಹಲ್ಲು ಕಿತ್ತ ತೀರ್ಪು. ಅರ್ಜಿ ಹಾಕಿದವರಲ್ಲಿ ನಮ್ಮ ಅಕ್ಕಯ್ ಪದ್ಮಶಾಲಿಯೂ ಒಬ್ಬರು.

2019: ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ. ಶಾಲೆ, ಕೆಲಸ, ಬಾಡಿಗೆ ಮನೆಯಲ್ಲಿ ತಾರತಮ್ಯ ಮಾಡಬಾರದು ಅಂತ ಹೇಳುತ್ತೆ. ಆದರೆ ಅವರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವರಿಗೂ ಅದರಲ್ಲಿ ಗರಿಷ್ಠ ಶಿಕ್ಷೆ 2 ವರ್ಷ. ಮೂರನೇ ಭಾಗ ನೆನಪಿದೆಯಾ? 1871ರಲ್ಲಿ ಸೀರೆ ಉಟ್ಟು ಬೀದಿಗೆ ಬಂದರೆ ಗರಿಷ್ಠ ಶಿಕ್ಷೆ ಎಷ್ಟಿತ್ತು?

2021: ಸರ್ಕಾರಿ ನೇಮಕಾತಿಯಲ್ಲಿ ಶೇ 1 ಒಳಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ. ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ನಮಗೆ ಕಾಲಂ ಎಲ್ಲಿ ಅಂತ ಸಂಗಮದವರು ಕೋರ್ಟ್‌ಗೆ ಹೋಗಿದ್ದರಿಂದ ಬಂದದ್ದು ಅದು.

ಒಂದೊಂದು ಸಾಲಿನ ಹಿಂದೆಯೂ ಜೊತೆಗೆ ನಿಂತವರ ಗುಂಪಿದೆ, ನೋಡಿ.

ಭಾಗ 8/8

ಕೊನೆಯ ಪೋಸ್ಟ್. ನಾವೇನು ಮಾಡಬಹುದು? ದೊಡ್ಡ ಮಾತು ಬೇಡ, ನಮ್ಮ ಕೈಯಲ್ಲಿ ಆಗೋದು ಹೇಳ್ತೀನಿ.

ಒಬ್ಬರು ತಮ್ಮ ಹೆಸರು ಇದು ಅಂದರೆ ಆ ಹೆಸರಿಂದ ಕರೀರಿ. ಹಳೆ ಹೆಸರು ಏನು, ಆಪರೇಷನ್ ಆಗಿದೆಯಾ ಅಂತ ಕೇಳಬೇಡಿ, ನಿಮ್ಮನ್ನ ಯಾರಾದರೂ ಹಾಗೆ ಕೇಳ್ತಾರಾ? ಮಂಗಳಮುಖಿ, ಜೋಗಪ್ಪ, ಹಿಜ್ರಾ, ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ ಎಲ್ಲಾ ಒಂದೇ ಅಲ್ಲ. ಗೊತ್ತಿಲ್ಲದಿದ್ದರೆ ಮರ್ಯಾದೆಯಿಂದ 'ನಿಮ್ಮನ್ನ ಏನಂತ ಕರೀಲಿ' ಅಂತ ಕೇಳಿ. ಸಿಗ್ನಲ್‌ನಲ್ಲಿ ದುಡ್ಡು ಕೊಡೋದು ಬಿಡೋದು ನಿಮ್ಮಿಷ್ಟ, ಆದರೆ ಕದ್ದು ವೀಡಿಯೋ ಮಾಡಿ ಸ್ಟೋರಿ ಹಾಕಬೇಡಿ. ಬಸ್ಸಲ್ಲಿ ಪಕ್ಕದ ಸೀಟು ಖಾಲಿ ಇದ್ದರೆ ಕೂತ್ಕೊಳ್ಳಿ. ಇಷ್ಟೇ.

ಕಾಲೇಜಿನ ಅರ್ಜಿಯಲ್ಲಿ ಎರಡೇ ಕಾಲಂ ಇದ್ದರೆ ಮೂರನೇದು ಯಾಕಿಲ್ಲ ಅಂತ ಆಫೀಸಲ್ಲಿ ಕೇಳಿ. ಒಬ್ಬರೇ ಕೇಳಿದರೆ ನಗ್ತಾರೆ, ಹತ್ತು ಜನ ಕೇಳಿದರೆ ಬರ್ಕೊಳ್ತಾರೆ.

ಕ್ಲಾಸಲ್ಲಿ ಯಾರದಾದರೂ ದನಿ, ನಡಿಗೆ ಅಣಕಿಸಿದಾಗ ನಗಬೇಡಿ. ಇದು ತುಂಬಾ ಚಿಕ್ಕದು ಅನ್ನಿಸಬಹುದು. ಅಣಕಿಸೋನಿಗೆ ಬೇಕಾಗಿರೋದು ನಮ್ಮ ನಗು ಮಾತ್ರ. ಅದು ಸಿಗದಿದ್ದರೆ ಎರಡನೇ ಸಲ ಮಾಡಲ್ಲ. ಆವತ್ತು ನಾನು ಕೊಟ್ಟೆ.

ಇದನ್ನ ಓದ್ತಿರೋ ನಿಮ್ಮಲ್ಲೇ ಯಾರಾದರೂ ಈ ಹೊರೆ ಹೊತ್ತು ಸುಸ್ತಾಗಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೆ ಮೆಸೇಜ್ ಮಾಡಿದರೂ ಸರಿ. ಉತ್ತರ ಗೊತ್ತಿರದೇ ಇರಬಹುದು, ಕೇಳಿಸಿಕೊಳ್ತೀನಿ.

1871ರ ರಿಜಿಸ್ಟರ್‌ಗೆ ಹೆಸರು ಸೇರಿಸಿದ್ದು ಹಿಡಿಯೋಕೆ. ನಮ್ಮ ಕ್ಲಾಸಿನ ರಿಜಿಸ್ಟರ್‌ನಿಂದ ಹೆಸರು ಹೊಡೆದುಹಾಕಿದ್ದು ಬಿಟ್ಟುಬಿಡೋಕೆ. ಮೊದಲನೇದನ್ನ ಬರೆದವರು ಬ್ರಿಟಿಷರು ಅಂತ ಬೈದು ಸುಮ್ಮನಿರಬಹುದು. ಎರಡನೇದರಲ್ಲಿ ಗೆರೆ ಎಳೆದದ್ದು ಲೆಕ್ಚರರ್ ಪೆನ್ನು, ಆದರೆ ಅಲ್ಲಿಗೆ ತಂದು ನಿಲ್ಲಿಸಿದವರು ನಾವು.

ಎಲ್ಲಿದ್ದೀರೋ ಗೊತ್ತಿಲ್ಲ. ಈ ಪೋಸ್ಟ್ ನಿಮಗೆ ಸಿಕ್ಕರೆ, ಕ್ಷಮಿಸಿ ಅಂತ ಕೇಳ್ತೀನಿ. ಕ್ಷಮಿಸಲೇಬೇಕು ಅಂತೇನಿಲ್ಲ. ನಿಮಗೊಂದು ಮೇಳ ಸಿಕ್ಕಿರಲಿ.